ಯೋಗೇಶನ ನಾಲಿಗೆಯೂ ಕೂಲ್ ರೂಮೂ

ಯೋಗೇಶನ ನಾಲಿಗೆಯ ತುದಿಯಲ್ಲಿ ಸಾಸಿವೆಕಾಳಿನಷ್ಟು ಒಂದು ಹುಣ್ಣು ಎದ್ದಿತ್ತು. ಬೇರೆ ದಿನವಾಗಿದ್ದರೆ ಅವನು ಅದಕ್ಕೆ ಕ್ಯಾರೇ ಅನ್ನುತ್ತಿರಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಮೂರಕ್ಕೆ ಅವನ ನಾಲಿಗೆಗೇ ಪರೀಕ್ಷೆಯಿತ್ತು.

ಚಿಕ್ಕಮಗಳೂರಿನ ಒಂದು ಕಾಫಿ ವರ್ಕ್ಸಿನಲ್ಲಿ ಹನ್ನೊಂದು ವರ್ಷದಿಂದ ಅವನದು ಬೀಜ ಹುರಿಯುವ ರೋಸ್ಟರಿನ ಮುಂದೆ ನಿಲ್ಲುವ ಕೆಲಸ. ಅದರ ಶಾಖ ತೋರಿಸುವ ಮೀಟರು ಕೆಟ್ಟು ಮೂರು ತಿಂಗಳಾಗಿತ್ತು. ಕೊಯಮತ್ತೂರಿನಿಂದ ಹೊಸದು ಬರುವವರೆಗೆ ಯೋಗೇಶ ಮುಖ ಒಡ್ಡಿಯೇ ಕಾವು ಅಂದಾಜು ಮಾಡಬೇಕು. ಹಾಗೆ ಒಡ್ಡಿ ಒಡ್ಡಿ ಮುಖವೂ ಹುರಿದ ಬೀಜದ ಬಣ್ಣಕ್ಕೆ ತಿರುಗಿತ್ತು. ಅದೇ ಕಟ್ಟಡದ ಮಹಡಿಯಲ್ಲಿ ಕಾಫಿಯ ರುಚಿ ನೋಡುವ ಕೋಣೆಯಿತ್ತು. ಏಸಿ, ಗಾಜಿನ ಬಾಗಿಲು, ಮೆತ್ತನೆಯ ಕುರ್ಚಿ. ಕೆಲಸಗಾರರ ಬಾಯಲ್ಲಿ ಅದು ಕೂಲ್ ರೂಮು. ಅಲ್ಲಿ ಖಾಲಿಯಾದ ಒಂದು ಜಾಗಕ್ಕೆ ಒಳಗಿನವರನ್ನೇ ಆರಿಸುತ್ತೇವೆಂದು ಮ್ಯಾನೇಜರ್ ಹರ್ಷವರ್ಧನ ಹೇಳಿದ ದಿನದಿಂದ ಯೋಗೇಶ ಈರುಳ್ಳಿ ಬಿಟ್ಟಿದ್ದ, ಎಲೆಅಡಿಕೆ ಬಿಟ್ಟಿದ್ದ. ಹೈಸ್ಕೂಲಿನ ಮಗಳು ರಂಜಿತಾ, "ನಮ್ಮಪ್ಪ ಕಾಫಿ ಟೇಸ್ಟರ್ ಆಗ್ತಾರೆ, ಎಷ್ಟು ಕೂಲ್ ಅಲ್ವಾ!" ಎಂದು ಗೆಳತಿಯರಿಗೆಲ್ಲ ಸಾರಿಬಿಟ್ಟಿದ್ದಳು. ಇನ್ನೊಂದು ವರ್ಷ ರೋಸ್ಟರಿನ ಮುಂದೆಯೇ ನಿಂತರೆ ತನ್ನನ್ನೂ ಪುಡಿ ಮಾಡಿ ಪೊಟ್ಟಣ ಕಟ್ಟಬಹುದು ಎಂಬ ಭಯ ಯೋಗೇಶನದು.

ಮುಖ ತೊಳೆಯುವಾಗ ಅವನು ಕನ್ನಡಿಗೆ ನಾಲಿಗೆ ಚಾಚಿದ್ದನ್ನು ಬೇಲಿಯಾಚೆಯ ದ್ಯಾವಮ್ಮ ನೋಡಿಬಿಟ್ಟಳು.

"ಅಯ್ಯೋ ಮಾರಾಯ, ಇದು ಹೀಟು! ಬೆಂಕಿ ಮುಂದೆ ನಿಂತು ನಿಂತು ಮೈಯೆಲ್ಲ ಕಾದುಹೋಗಿದೆ. ಮೊದ್ಲು ಬಾಡಿ ಕೂಲ್ ಆಗ್ಬೇಕು."

"ಇವತ್ತು ಪರೀಕ್ಷೆ ಇದೆ ಅಕ್ಕ. ಎಂಥದೂ ಬೇಡ."

"ಪರೀಕ್ಷೆ ಇದೆ ಅಂತ್ಲೇ ನಾನು ಹೇಳ್ತಾ ಇರೋದು!"

ದ್ಯಾವಮ್ಮನ ಎದುರು ವಾದ ಮಾಡಿ ಗೆದ್ದವರು ಆ ಬೀದಿಯಲ್ಲಿ ಇಲ್ಲ. ನೆತ್ತಿಗೆ ಅಂಗೈ ತುಂಬ ಹರಳೆಣ್ಣೆ ತಟ್ಟಿಸಿಕೊಂಡು, ರಾತ್ರಿ ನೆನೆಸಿದ ಮೆಂತ್ಯದ ನೀರು ಕುಡಿದು, ಮೇಲೊಂದು ಚೊಂಬು ಒಂದೆಲಗದ ತಂಬುಳಿ ಇಳಿಸಿ, ಗಿರಿಯಿಂದ ಚಳಿಗಾಳಿ ಬೀಸುತ್ತಿದ್ದ ಆ ಮಾಗಿಯ ಬೆಳಿಗ್ಗೆ ತಣ್ಣೀರು ಸ್ನಾನವನ್ನೂ ಮಾಡಿ ಯೋಗೇಶ ಕೆಲಸಕ್ಕೆ ಹೊರಟ.

ವರ್ಕ್ಸಿನ ಗೇಟಿನಲ್ಲಿ ಬೀಜ ಆರಿಸುವ ವಿಭಾಗದ ಶಂಕರ ಸಿಕ್ಕಿದ. ಅದೇ ಜಾಗಕ್ಕೆ ಅವನೂ ಪರೀಕ್ಷೆಗೆ ಕೂರುವವನೇ. ಯೋಗೇಶ ಅವನಿಗೆ ಹುಣ್ಣಿನ ಕಥೆ ಹೇಳಿದ.

"ಹೀಟಾ? ಮೊದ್ಲೇ ಹೇಳೂದಲ್ವ ಮಾರಾಯ!" ಎಂದವನೇ ಕೈಹಿಡಿದು ಎಳೆದೊಯ್ದು ಎರಡು ಎಳನೀರು ಕುಡಿಸಿದ. ಸಾಲದೆಂದು ಫ್ರಿಜ್ಜಿನೊಳಗಿನ ಮಜ್ಜಿಗೆಯನ್ನೂ ಕುಡಿಸಿದ.

"ನಂಗೆ ಇಷ್ಟೆಲ್ಲ ಮಾಡ್ತೀಯಲ್ಲ, ನೀನು ನನ್ನ ಎದುರಾಳಿ ಅಲ್ವೇನೋ?"

"ಅದು ಮೂರು ಗಂಟೆ ಮೇಲೆ. ಈಗಿನ್ನೂ ಒಂಬತ್ತು," ಎಂದ ಶಂಕರ. ಅವನ ಕಣ್ಣಲ್ಲಿ ಕಪಟವಿರಲಿಲ್ಲ. ಬೈಯಲೂ ಆಗದ ಇಂಥ ಒಳ್ಳೆಯತನವೇ ಯೋಗೇಶನನ್ನು ಮುಳುಗಿಸಿದ್ದು.

ಹನ್ನೆರಡರ ಹೊತ್ತಿಗೆ ಸಾಲಾಗಿ ಒಂಬತ್ತು ಸೀನು ಬಂದವು. ಹತ್ತನೆಯದು ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ಮೂಗು ಪೂರಾ ಕಟ್ಟಿತ್ತು. ಆಗತಾನೇ ಹುರಿದ ಬೀಜವನ್ನು ಮೂಗಿಗೆ ಹಿಡಿದು ನೋಡಿದ. ಜಲ್ಲಿಕಲ್ಲು ಮೂಸಿದಂತಾಯಿತು. ಮೂಗು ಹೋದರೆ ನಾಲಿಗೆಯೂ ಹೋದಂತೆಯೇ ಎಂದು ಕಾಫಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕ್ಯಾಂಟೀನಿನ ರುಕ್ಮಿಣಮ್ಮ ಅವನ ಮುಖ ನೋಡಿಯೇ ವಿಷಯ ಹಿಡಿದಳು. "ಯಾವ ಪುಣ್ಯಾತ್ಮರು ನಿಮ್ಮನ್ನ ಹಿಂಗೆ ತಂಪು ಮಾಡಿದ್ದು? ಇದಕ್ಕೀಗ ಹೀಟೇ ಮದ್ದು!"

ಕಾಳುಮೆಣಸು, ಸೂಜಿಮೆಣಸು ಜಜ್ಜಿ ಹಾಕಿ ಕುದಿಸಿದ ಸಾರು ಮೂರು ಲೋಟ ಬಂತು. ಬಿಸಿ ಆರುವ ಮುಂಚೆಯೇ ಕುಡಿಯಬೇಕೆಂದು ಕಟ್ಟಪ್ಪಣೆ. ಯೋಗೇಶ ಕಣ್ಣು ಮುಚ್ಚಿ ಕುಡಿದ. ಕಣ್ಣಲ್ಲಿ ನೀರು ಬಂತು, ಕಿವಿಯಲ್ಲಿ ಹಬೆ ಬಂದಂತಾಯಿತು, ಮೂಗು ಮಾತ್ರ ತೆರೆಯಲಿಲ್ಲ. ಗಾಯದ ಮೇಲೆ ಬರೆ ಎಳೆದಂತೆ ಸಾಸಿವೆಯಷ್ಟಿದ್ದ ಹುಣ್ಣು ಅವರೆಕಾಳಾಯಿತು. ಆಮೇಲೆ ನಾಲಿಗೆ ಇದೆಯೋ ಇಲ್ಲವೋ ಎಂಬುದನ್ನು ಅವನು ಹಲ್ಲಿನಿಂದ ಮುಟ್ಟಿ ನೋಡಬೇಕಾಯಿತು.

ಮೂರು ಗಂಟೆಗೆ ಕೂಲ್ ರೂಮಿನ ಮೇಜಿನ ಮೇಲೆ ಕಾಫಿ ತುಂಬಿದ ಐದು ಕಪ್ಪುಗಳು ಸಾಲಾಗಿ ಕೂತಿದ್ದವು.

"ಒಂದರಲ್ಲಿ ಮಾತ್ರ ಕೆಟ್ಟ ಬೀಜ ಇದೆ. ಯಾವುದು ಅಂತ ಹೇಳ್ಬೇಕು, ಅಷ್ಟೇ," ಎಂದ ಹರ್ಷವರ್ಧನ.

ಮೊದಲು ಶಂಕರ ಚಮಚದಲ್ಲಿ ಒಂದೊಂದನ್ನೂ ಸುರ್ರೆಂದು ಎಳೆದು, ಉಗಿದು, ಚೀಟಿಯಲ್ಲಿ ಏನೋ ಬರೆದು ಕೊಟ್ಟು ಪಕ್ಕಕ್ಕೆ ನಿಂತ. ಯೋಗೇಶನ ಸರದಿ ಬಂತು. ಒಂದನೆಯ ಕಪ್ಪು ಎಳೆದ. ಬಿಸಿನೀರು. ಎರಡನೆಯದೂ ಬಿಸಿನೀರು. ಮೂರನೆಯದರ ಮೇಲೆ ಬಗ್ಗಿದಾಗ ಹನ್ನೆರಡರಿಂದ ಬಾಕಿಯಿದ್ದ ಆ ಹತ್ತನೇ ಸೀನು ಬಂದು ಚಮಚದ ಕಾಫಿಯೆಲ್ಲ ಅಂಗಿಯ ಮೇಲೆ ಚೆಲ್ಲಿತು.

"ಕೂಲ್ ಆಗಿರಿ ಯೋಗೇಶ್, ಟೆನ್ಷನ್ ಬೇಡ," ಎಂದ ಹರ್ಷವರ್ಧನ.

ಐದೂ ಮುಗಿದವು. ಒಂದಕ್ಕೂ ರುಚಿಯಿಲ್ಲ. ಗಾಜಿನಾಚೆ ಕೆಳಗೆ ರೋಸ್ಟರಿನ ಹೊಗೆ ಏಳುತ್ತಿತ್ತು. ಹನ್ನೊಂದು ವರ್ಷ ಕಾದದ್ದು ಒಂದೇ ದಿನದಲ್ಲಿ ನೀರಿನಲ್ಲಿ ಹೋಮವಾಯಿತಲ್ಲ, ಮಗಳಿಗೆ ಏನು ಹೇಳಲಿ ಎಂದು ನೆನೆಯುತ್ತ ಅವನು ಚಮಚವನ್ನು ಮೇಜಿನ ಮೇಲಿಟ್ಟ.

"ಏನಾದ್ರೂ ಹೇಳಿ."

"ಸಾರ್... ಐದನೇದು ಉಳಿದವಕ್ಕಿಂತ ಒಂಚೂರು ಆರಿದೆ. ನಂಗೆ ಗೊತ್ತಾಗಿದ್ದು ಅಷ್ಟೇ ಸಾರ್."

ಹರ್ಷವರ್ಧನ ಹುಬ್ಬೇರಿಸಿದ. ಮೇಜಿನ ಮೇಲಿದ್ದ ಥರ್ಮಾಮೀಟರನ್ನು ಒಂದೊಂದೇ ಕಪ್ಪಿಗೆ ಅದ್ದಿದ. ನಾಲ್ಕು ಕಪ್ಪು ಅರವತ್ತು ಡಿಗ್ರಿ. ಐದನೆಯದು ಐವತ್ತೇಳು. ಮತ್ತೊಮ್ಮೆ ಅದ್ದಿ ನೋಡಿದ. ಎದ್ದು ಬಂದು ಯೋಗೇಶನ ಕೈ ಹಿಡಿದು ಕುಲುಕಿದ.

"ಮೂರು ಡಿಗ್ರಿ! ಬರೀ ನಾಲಿಗೇಲಿ! ಇಂಥವರನ್ನ ನಾನು ನೋಡೇ ಇಲ್ಲ!"

ಯೋಗೇಶನಿಗೆ ಹೋದ ಜೀವ ಬಂತು. ಕಿಟಕಿ ಪಕ್ಕದ ಕುರ್ಚಿ ತನಗಿರಲಿ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

"ಕೆಟ್ಟ ಬೀಜ ಇದ್ದದ್ದು ಮೂರನೇ ಕಪ್ಪಲ್ಲಿ. ಶಂಕರ್ ಸರಿಯಾಗಿ ಬರ್ದಿದಾರೆ, ನಾಳೆಯಿಂದ ಅವರು ಇಲ್ಲಿ ಕೂರ್ತಾರೆ," ಎಂದ ಹರ್ಷವರ್ಧನ. "ರುಚಿ ಹೇಳೋರು ಇನ್ನೂ ಹತ್ತು ಜನ ಸಿಗ್ತಾರೆ ಯೋಗೇಶ್. ಕಾವು ಹೇಳೋರು ಎಲ್ಲಿ ಸಿಗ್ತಾರೆ? ನಿಮ್ಮನ್ನ ರೋಸ್ಟರ್ ಮುಂದಿಂದ ಕದಲಿಸಿದ್ರೆ ನಂಗೆ ಪಾಪ ಸುತ್ಕೊಳುತ್ತೆ." ಅಲ್ಲೇ ಫೋನ್ ತೆಗೆದು ಆಫೀಸಿಗೆ ಹೇಳಿದ: "ಕೊಯಮತ್ತೂರಿನ ಆ ಹೊಸ ಮೀಟರ್ ಕ್ಯಾನ್ಸಲ್ ಮಾಡಿ. ನಮ್ಮಲ್ಲೇ ಒಂದು ಇದೆ."

ಯೋಗೇಶ ಹೊರಗೆ ಬಂದ. ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ, ಯಾರೂ ಯಾವ ಮದ್ದೂ ಕೊಡದೆಯೇ, ಕಟ್ಟಿದ ಮೂಗು ಪಟ್ಟೆಂದು ಬಿಟ್ಟುಕೊಂಡಿತು. ಅಂಗಿಯ ಮೇಲೆ ಚೆಲ್ಲಿದ್ದ ಮೂರನೇ ಕಪ್ಪಿನ ಮುಗ್ಗಲು ವಾಸನೆ ಗಪ್ಪೆಂದು ಬಡಿಯಿತು.