ನಮ್ಮ ಮನೆಯ ಲೆಟರ್ ಬಾಕ್ಸಿಗೆ ಬೀಗ ಬಿದ್ದದ್ದು

ನಮ್ಮ ಮನೆಗೆ ತಂದ ಸಾಮಾನು ಯಾವುದೂ ಬರೀ ಸಾಮಾನಾಗಿ ಉಳಿದದ್ದಿಲ್ಲ. ಮಿಕ್ಸಿ ತಂದರೂ ಒಂದು ಕಥೆ, ಕಾಲೊರಸು ತಂದರೂ ಒಂದು ಕಥೆ. ಹೋದ ವರ್ಷ ಬೀಗ ಇರುವ ಲೆಟರ್ ಬಾಕ್ಸ್ ಒಂದು ಬೇಕು ಅಂತ ಹೊರಟೆವು. ಅದೊಂದರಿಂದಲೇ ನಾಲ್ಕು ಕಥೆ ಆಯಿತು.

೧. ಮೊದಲ ಓದುಗರು

ನಾವಿರುವುದು ದುರ್ಗಿಗುಡಿಯ ಹಳೇ ವಠಾರದಲ್ಲಿ. ನಾನು ಹೈಸ್ಕೂಲ್ ಟೀಚರ್. ಮನೆಯಲ್ಲಿ ನಮ್ಮೆಜಮಾನರು ಮತ್ತು ಮಾವ. ಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಅಲ್ಲಿ ಅವರ ಜೊತೆ ವೆಲ್ಡರ್ ಆಗಿದ್ದ ಗೆಳೆಯರೊಬ್ಬರು ಈಗಲೂ ಮಗಳ ಸಂಸಾರದ ಜೊತೆ ನ್ಯೂ ಟೌನ್‌ನಲ್ಲಿದ್ದಾರೆ. ಅವರಿಗೆ ಕಿವಿ ಪೂರ್ತಿ ಹೋಗಿದೆ, ಫೋನು ಮಾಡಿ ಪ್ರಯೋಜನವಿಲ್ಲ. ಹಾಗಾಗಿ ಇಬ್ಬರೂ ವಾರಕ್ಕೊಂದು ಕಾರ್ಡು ಬರೆದುಕೊಳ್ಳುತ್ತಾರೆ.

"ವಾಟ್ಸಾಪ್ ಮಾಡಿ ಮಾವ" ಅಂತ ಒಂದು ಸಲ ಹೇಳಿದ್ದೆ.

"ಅದರಲ್ಲಿ ಅವನ ಕೈ ನಡುಗ್ತಿದೆಯೋ ಇಲ್ವೋ ಗೊತ್ತಾಗಲ್ಲ ಕಣಮ್ಮ" ಅಂದರು.

ಪೋಸ್ಟ್‌ಮನ್ ಕಾರ್ಡನ್ನು ಕಿಟಕಿ ಸರಳಿಗೆ ಸಿಕ್ಕಿಸಿ ಹೋಗುತ್ತಿದ್ದರು. ಮಾವ ಮಧ್ಯಾಹ್ನದ ನಿದ್ದೆಯಿಂದ ಏಳುವುದರೊಳಗೆ ಪಕ್ಕದ ಮನೆಯಾಕೆ ಅದನ್ನು ಜೋಪಾನವಾಗಿ ಎತ್ತಿಟ್ಟಿರುತ್ತಿದ್ದರು. ಒಂದು ಸಂಜೆ ನಾನು ಸ್ಕೂಲಿಂದ ಬರುವಾಗ ಬಾಗಿಲಲ್ಲೇ ಸಿಕ್ಕಿ, "ನೋಡ್ರೀ, ಭದ್ರಾವತಿಯವರಿಗೆ ಶುಗರ್ ಕಮ್ಮಿಯಾಗಿದೆಯಂತೆ. ನಿಮ್ಮ ಮಾವನಿಗೆ ಹೇಳಿಬಿಡಿ" ಅಂದರು.

"ಕಾರ್ಡು ಬಂದಿದೆಯಾ? ಕೊಡಿ" ಅಂದೆ.

"ನಾಳೆ ಕೊಡ್ತೀನಿ ಇರಿ, ನಮ್ಮನೆಯವರು ಇನ್ನೂ ಓದಿಲ್ಲ."

೨. ಕೈ ಒಳಗೆ

ಇದನ್ನೆಲ್ಲ ಮಾವ ನಕ್ಕು ಬಿಟ್ಟಿದ್ದರು. ಆದರೆ ಒಂದು ಕಾರ್ಡು ಮಾತ್ರ ಪಕ್ಕದ ಮನೆಗೂ ಹೋಗದೆ, ಗಾಳಿಗೆ ಹಾರಿ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬಿದ್ದಿತ್ತು. ಕಸ ಗುಡಿಸುವಾಗ ನನ್ನ ಕೈಗೆ ಸಿಕ್ಕಿತು. "ಗುರುವಾರ ಕಣ್ಣಿನ ಆಪರೇಷನ್. ನೀನು ಬಂದು ಕೂತಿದ್ದರೆ ಸಾಕು" ಅಂತ ಬರೆದಿತ್ತು. ಆ ಗುರುವಾರ ಕಳೆದು ಎಂಟು ದಿನ ಆಗಿತ್ತು. ಮಾವ ಅವತ್ತು ಊಟಕ್ಕೆ ಕೂತು, ಅನ್ನ ಕಲಸಿ, ಹಾಗೇ ಎದ್ದುಬಿಟ್ಟರು. ಮಾರನೇ ದಿನ ಭದ್ರಾವತಿಗೆ ಹೋಗಿ ನೋಡಿಕೊಂಡು ಬಂದರು. ಬಂದವರೇ, "ಬೀಗ ಇರೋ ಡಬ್ಬ ಬೇಕು" ಅಂದರು.

ಇಬ್ಬರೂ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಅಂಗಡಿಯವರು ಆರು ಥರದ್ದು ತೋರಿಸಿದರು. ಮಾವ ಒಂದೊಂದನ್ನೂ ಬಗ್ಗಿಸಿ ನೋಡಿ, "ಇದು ತಗಡು", "ಇದರ ಬೀಗ ಹೇರ್‌ಪಿನ್ನಿಗೆ ತೆಗೆಯುತ್ತೆ" ಅಂತ ಪಕ್ಕಕ್ಕಿಟ್ಟರು. ಆರನೆಯದು ಗಟ್ಟಿಯಾಗಿತ್ತು. ಬಾಯಿಯಿಂದ ಕೈ ಹಾಕಿ ಕಾಗದ ತೆಗೆಯಬಹುದೋ ನೋಡೋಣ ಅಂತ ಒಳಗೆ ಕೈ ಹಾಕಿದರು. ಮಣಿಕಟ್ಟಿನವರೆಗೂ ಹೋಯಿತು, ವಾಪಸ್ ಬರಲಿಲ್ಲ.

ನಾನು ಹೆದರಿಬಿಟ್ಟೆ. ಅಂಗಡಿಯವರು ಮಾತ್ರ ಸಮಾಧಾನವಾಗಿ, "ಸೇಫ್ಟಿ ಅಂದ್ರೆ ಇದೇ ನೋಡಿ ಸಾರ್. ಕಳ್ಳ ಬರಬಹುದು, ಹೋಗೋ ಹಾಗಿಲ್ಲ" ಅಂದರು.

ಕೊಬ್ಬರಿ ಎಣ್ಣೆ ತರಿಸಿ, ಸವರಿ, ಕೈ ಬಿಡಿಸಿದ್ದಾಯಿತು. "ಪ್ಯಾಕ್ ಮಾಡ್ಲಾ ಸಾರ್?" ಅಂದರು.

ಮಾವ ಮಣಿಕಟ್ಟು ಒರೆಸಿಕೊಳ್ಳುತ್ತಾ, "ಬೇಡ. ಎಣ್ಣೆ ವಾಸನೆ ಬಂದ್ಬಿಟ್ಟಿದೆ, ಇಲಿ ಬರ್ತವೆ" ಅಂದರು.

೩. ಗುಟ್ಟಿನ ನಂಬರು

ಕೊನೆಗೆ ಮಾವ ಭದ್ರಾವತಿಯ ಗೆಳೆಯರಿಗೇ ವಿಷಯ ಬರೆದರು. ಅವರ ಕಣ್ಣು ಸುಧಾರಿಸಿತ್ತು, ಮನೆ ಹಿಂದಿನ ಶೆಡ್ಡಿನಲ್ಲಿ ಅವರ ಹಳೇ ವೆಲ್ಡಿಂಗ್ ಸೆಟ್ಟು ಇತ್ತು. ಅಳಿಯನನ್ನು ಕೂರಿಸಿಕೊಂಡು ತಾವು ಹೇಳುತ್ತಾ, ಅವನಿಂದ ಪೆಟ್ಟಿಗೆ ಮಾಡಿಸಿದರು. ಒಂದು ಸಂಜೆ ಬಸ್ಸಿನಲ್ಲಿ ಪೆಟ್ಟಿಗೆ ಬಂತು. ನಾನೂ ನಮ್ಮೆಜಮಾನರೂ ಹೋಗಿ ಇಳಿಸಿಕೊಂಡೆವು. ಒಬ್ಬರ ಕೈಲಿ ಎತ್ತುವ ಹಾಗಿರಲಿಲ್ಲ. ಬಾಯಿ ಸರಿಯಾಗಿ ಒಂದು ಕಾರ್ಡಿನಷ್ಟು. ಬೀಗ ಬೀಗದಕೈಯದ್ದಲ್ಲ, ಮೂರು ನಂಬರಿನದ್ದು.

ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಮೇಲೆ ಮಾವ ಅಂಗಳದಲ್ಲಿ ನಿಂತು ನಂಬರ್ ತಿರುಗಿಸಿದರು. ತೆಗೆಯಲಿಲ್ಲ. ಇನ್ನೊಂದು ಸಲ ತಿರುಗಿಸಿದರು. ತೆಗೆಯಲಿಲ್ಲ.

"ಹೋದ ವಾರದ ಕಾರ್ಡಲ್ಲಿ ಬರೆದಿದ್ದ. ಬಾಯಿಪಾಠ ಮಾಡಿ ಹರಿದು ಹಾಕ್ಬಿಟ್ಟೆ" ಅಂದರು. ಮುಖ ಸಣ್ಣಗಾಗಿತ್ತು.

ಕಟ್ಟೆಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಪಕ್ಕದ ಮನೆಯಾಕೆ ತಲೆ ಎತ್ತದೆ, "ನಾಲ್ಕು, ಒಂದು, ಏಳು" ಅಂದರು.

ತೆಗೆಯಿತು. ನಾವು ಮೂವರೂ ಅವರ ಕಡೆ ತಿರುಗಿದೆವು.

"ಯಾರಿಗೂ ಹೇಳಬೇಡ ಅಂತ ಬರೆದಿದ್ರು. ಅದಕ್ಕೇ ನಾನು ಯಾರಿಗೂ ಹೇಳಿರಲಿಲ್ಲ" ಅಂದರು.

ನಂಬರು ಬದಲಾಯಿಸಿಬಿಡೋಣ ಅಂದೆ. ಮಾವ ಬೇಡ ಅಂದರು. "ಮತ್ತೆ ಮರೆತರೆ ಕೇಳೋದಕ್ಕೆ ಒಬ್ಬರು ಬೇಕಲ್ಲಮ್ಮ."

೪. ಭಾನುವಾರದ ಟಪಾಲು

ಅದಾಗಿ ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ಭದ್ರಾವತಿಯ ಗೆಳೆಯರೇ ಅಂಗಳಕ್ಕೆ ಬಂದು ನಿಂತರು. ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ವೆಲ್ಡಿಂಗ್ ಮೇಲೆ ಕೈಯಾಡಿಸಿ, ಜೇಬಿನಿಂದ ಒಂದು ಕಾರ್ಡು ತೆಗೆದರು. ಮಾವ ಎದುರಿಗೇ ನಿಂತು ಕೈ ಚಾಚಿದರು. ಅವರು ಕೊಡಲಿಲ್ಲ. ಪೆಟ್ಟಿಗೆಯ ಬಾಯಿಗೆ ಹಾಕಿ, ಬಿದ್ದ ಮೇಲೆ ಪಕ್ಕಕ್ಕೆ ಸರಿದು ನಿಂತರು.

ಮಾವ ಬೀಗ ತೆಗೆದು ಕಾರ್ಡು ಓದಿದರು. "ಭಾನುವಾರ ಬರ್ತಿದೀನಿ. ಮನೇಲಿರು" ಅಂತ ಇತ್ತು.

"ಬರೆದು ತಿಳಿಸಿದ್ದು ಒಳ್ಳೇದಾಯ್ತು. ಇಲ್ದಿದ್ರೆ ನಾನು ಸಂತೆಗೆ ಹೊರಟಿದ್ದೆ" ಅಂತ ಮಾವ ನನಗೆ ಹೇಳಿದರು.

ಊಟ ಆಯಿತು. ಇಬ್ಬರೂ ಜಗಲಿಯಲ್ಲಿ ಕೂತರು. ಆಗಾಗ ಒಬ್ಬರ ಮೊಣಕಾಲು ಒಬ್ಬರು ತಟ್ಟುವುದು, ನಗುವುದು, ಅಷ್ಟೆ. ಕಾಫಿ ಹೊತ್ತಿಗೆ ಮಾವ ಒಂದು ಹೊಸ ಕಾರ್ಡು ತೆಗೆದು ತುಂಬಾ ಹೊತ್ತು ಬರೆದರು. ಗೆಳೆಯರು ಪಕ್ಕದಿಂದ ಬಗ್ಗಿ ನೋಡಿದಾಗ ಅಂಗೈಯಿಂದ ಮುಚ್ಚಿ, ವಿಳಾಸದ ಮೇಲೆ ಬೆರಳಿಟ್ಟು ತೋರಿಸಿದರು. ನ್ಯೂ ಟೌನ್, ಭದ್ರಾವತಿ. ಆಮೇಲೆ ಬೀದಿ ಕೊನೆಯ ಕೆಂಪು ಡಬ್ಬಕ್ಕೆ ತಾವೇ ಹೋಗಿ ಹಾಕಿ ಬಂದರು.

ಸಂಜೆ ಗೆಳೆಯರು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನಾನು ಒಂದು ಚೀಟಿಯಲ್ಲಿ, "ಎರಡು ದಿನ ಇದ್ದು ಹೋಗಿ" ಅಂತ ಬರೆದು ತೋರಿಸಿದೆ.

ಓದಿದರು. ಚೀಟಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು.

"ಇರೋಕಾಗಲ್ಲಮ್ಮ" ಅಂದರು, ಇಡೀ ವಠಾರಕ್ಕೆ ಕೇಳುವ ಹಾಗೆ. "ಮನೆಗೆ ಕಾಗದ ಬರೋದಿದೆ."