ನಾನೂರು ಗ್ರಾಂ

ತೂಕ ತೊಂಬತ್ತು ಕಿಲೋ ಮೀರಬಾರದು ಅಂತ ಆಸ್ಪತ್ರೆಯವರು ಹೇಳಿದ್ದರು. ಅವತ್ತು ಬೆಳಿಗ್ಗೆ ಸಂಶೋಧನಾಲಯದ ತೂಕದ ಯಂತ್ರ ತೋರಿಸಿದ್ದು ತೊಂಬತ್ತು ಕಿಲೋ ನಾನೂರು ಗ್ರಾಂ. ಫಜೀತಿ ಶುರುವಾದದ್ದೇ ಅಲ್ಲಿಂದ.

ಅಲ್ಲಿ ಗಾಜಿನ ಸಾಮಾನು ತೊಳೆಯುವ ದಪ್ಪಣ್ಣ ತನ್ನ ಅಕ್ಕನಿಗೆ ಒಂದು ಕಿಡ್ನಿ ಕೊಡುವವನಿದ್ದ. ಆರು ತಿಂಗಳು ಬಾಯಿ ಕಟ್ಟಿ ಇಪ್ಪತ್ತು ಕಿಲೋ ಇಳಿಸಿದ್ದ. ಸಂಜೆ ನಾಲ್ಕಕ್ಕೆ ಕೊನೆಯ ತೂಕ, ಮರುದಿನ ಆಪರೇಷನ್. ಅಕ್ಕನಿಗೆ ಇನ್ನು ಕಾಯುವ ತ್ರಾಣ ಉಳಿದಿರಲಿಲ್ಲ.

ಸುದ್ದಿ ತಿಳಿದದ್ದೇ ತಡ, ಸಹೋದ್ಯೋಗಿಗಳು ಉಪಕಾರಕ್ಕೆ ಸೊಂಟ ಕಟ್ಟಿದರು. ಕಾವಲುಗಾರ ಅವನನ್ನು ಮೂರು ಸಲ ನಾಲ್ಕನೆಯ ಮಹಡಿಗೆ ಹತ್ತಿಸಿ ಇಳಿಸಿದ. ಗುಮಾಸ್ತ ಅವನ ನೀರಿನ ಬಾಟಲಿ ಕಿತ್ತುಕೊಂಡು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಹನ್ನೊಂದಕ್ಕೆ ನೋಡಿದರೆ ತೊಂಬತ್ತರ ಮೇಲೆ ಇನ್ನೂ ಇನ್ನೂರು ಗ್ರಾಂ.

ಗುಮಾಸ್ತನ ತಲೆ ಓಡಿತು. "ನಮ್ಮ ಡಾಕ್ಟರ್ ಮೇಡಂಗೆ ಸಂಶೋಧನೆಗೆ ದಪ್ಪ ಇರೋರ ಕೊಬ್ಬು ಬೇಕು. ಕೊಡ್ತೀನಿ ಅಂದವನು ಕೈಕೊಟ್ಟಿದ್ದಾನೆ. ನೀನೇ ಕೊಡು. ಅವರಿಗೂ ಸಿಕ್ತು, ನಿಂಗೂ ಇಳೀತು."

"ಎಷ್ಟು ತೆಗೀತಾರಣ್ಣ?"

"ಒಂದು ಹಿಡಿಯಾದ್ರೂ ತೆಗೀತಾರೆ ಬಿಡು. ನಾನಿಲ್ವಾ?"

ಫಾರಂ ತುಂಬಿದ್ದೂ ಗುಮಾಸ್ತನೇ. ಸಕ್ಕರೆ ಕಾಯಿಲೆ? ಇಲ್ಲ. ಜ್ವರ? ಇಲ್ಲ. ಸದ್ಯದಲ್ಲಿ ಆಪರೇಷನ್? ಇಲ್ಲ. ಇಪ್ಪತ್ತು ವರ್ಷದಿಂದ ಯಾವ ಫಾರಂ ಬಂದರೂ ಓದದೆಯೇ 'ಇಲ್ಲ'ದ ಸಾಲಿನ ಉದ್ದಕ್ಕೂ ಗುರುತು ಹಾಕುತ್ತಾ ಬಂದ ಪುಣ್ಯಾತ್ಮ ಅವನು.

ಎರಡು ವರ್ಷ ತನ್ನ ಗಾಜು ತೊಳೆದವನನ್ನು ಮೇಡಂ ಸರಿಯಾಗಿ ನೋಡಿದ್ದು ಅವತ್ತೇ. ಹೊಟ್ಟೆ ಮರಗಟ್ಟಿಸಿ, ಕತ್ತರಿಸುತ್ತಾ ವಿವರಿಸಿದರು. "ರೋಗ ಬರದ ಹಾಗೆ ಕಾಯೋ ಜೀವಕೋಶಗಳು ಕೊಬ್ಬಿನಲ್ಲೂ ಇರ್ತಾವಪ್ಪ. ಮೈ ದಪ್ಪ ಆದಾಗ ಅವು ಕೆರಳಿಬಿಡ್ತಾವೆ. ಹೊಸ ಕೊಬ್ಬಿನ ಕೋಶ ಸರಿಯಾಗಿ ಬೆಳೆಯೋಕೆ ಬಿಡಲ್ಲ, ಹಳೇವೇ ಊದಿಕೊಂಡು ಕಾಯಿಲೆ ತರ್ತಾವೆ. ಎಲ್ಲಾ ತಿನ್ನೋರ ತಪ್ಪೇ ಅಲ್ಲ."

ಇಂಥ ಮಾತು ಅವನಿಗೆ ಯಾರೂ ಹೇಳಿರಲಿಲ್ಲ. ದಪ್ಪಣ್ಣನಿಗೆ ಅಳು ಬಂತು. "ಎಷ್ಟು ತೆಗೆದ್ರಿ ಮೇಡಂ?"

"ಎರಡು ಗ್ರಾಂ."

ಮೇಲೆ ಹಾಕಿದ ಬ್ಯಾಂಡೇಜೇ ಅದಕ್ಕಿಂತ ಭಾರವಿತ್ತು.

ಹೊಟ್ಟೆ ಹಿಡಿದುಕೊಂಡು ಬಿಸಿಲಲ್ಲಿ ಆಸ್ಪತ್ರೆಗೆ ನಡೆದೇ ಹೋದ. ನಾಲ್ಕಕ್ಕೆ ಯಂತ್ರ ಎಂಬತ್ತೊಂಬತ್ತು ಕಿಲೋ ಒಂಬೈನೂರು ಗ್ರಾಂ ತೋರಿಸಿತು. ಹಾಸಿಗೆಯಲ್ಲಿದ್ದ ಅಕ್ಕ ಆ ಸುದ್ದಿಗೆ ಎದ್ದು ಕೂತಳು.

ಸರ್ಜನ್ ಅವನ ಅಂಗಿ ಎತ್ತಿ ನೋಡಿದರು. ಮುಖ ಗಂಟಿಕ್ಕಿತು. ರಕ್ತ ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ಕರೆದರು.

"ಗಾಯಕ್ಕೆ ಬಿಳಿ ರಕ್ತಕಣ ಏರಿದೆ. ನಿನ್ನನ್ನು ಕಾಯೋ ಕೋಶಗಳೆಲ್ಲ ಕೆರಳಿ ಕೂತಿವೆ. ಇದು ಮಾಯೋವರೆಗೆ ಕತ್ತರಿಸೋ ಹಾಗಿಲ್ಲ. ಒಂದು ತಿಂಗಳಾದ್ರೂ ಬೇಕು."

"ಅಕ್ಕ ಒಂದು ತಿಂಗಳು ಇರ್ತಾಳಾ ಡಾಕ್ಟ್ರೇ?"

ಸರ್ಜನ್ ಫೈಲು ಮುಚ್ಚಿದರು.

ಅವನು ಅಕ್ಕನ ಹಾಸಿಗೆಯ ಪಕ್ಕ ಬಂದು ಕೂತಾಗ ಗುಮಾಸ್ತನ ಫೋನು ಬಂತು. "ನೀನು ಇಪ್ಪತ್ತು ಕಿಲೋ ಇಳಿಸಿದ್ದು ಗೊತ್ತಾಗಿ ಮೇಡಂ ನಂಗೆ ಬೈದ್ರು ಕಣೋ. ಹಾಗೆ ಇಳಿಸಿದವರ ಕೊಬ್ಬು ಲೆಕ್ಕಕ್ಕೆ ಬರಲ್ವಂತೆ. ಎಸೆದುಬಿಟ್ರು."

"ಏನಂತೋ?" ಅಂದಳು ಅಕ್ಕ.

"ನನ್ನ ಮೈಯಲ್ಲಿ ಕೊಬ್ಬು ಸಾಲದಂತೆ ಅಕ್ಕ."

ಅಕ್ಕನಿಗೆ ನಗು ಬಂತು, ಅದರ ಹಿಂದೆಯೇ ಕೆಮ್ಮು. ತಾನು ಮುಟ್ಟದ ಊಟದ ತಟ್ಟೆಯನ್ನು ಅವನತ್ತ ನೂಕಿದಳು. "ತಿನ್ನು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ದಪ್ಪಣ್ಣ ಬಿಕ್ಕುತ್ತಲೇ ಪೂರ್ತಿ ತಿಂದ.