ಅಮಾವಾಸ್ಯೆಯ ಕಡಲಲ್ಲಿ ಭೂಗೋಳದ ಮಾಸ್ತರ್

ಸಮುದ್ರದ ಬಗ್ಗೆ ನನಗೆ ಗೊತ್ತಿರದ ಸಂಗತಿಯೇ ಇರಲಿಲ್ಲ. ನೋಡಿರಲಿಲ್ಲ, ಅಷ್ಟೇ!

ಇಪ್ಪತ್ತೆರಡು ವರ್ಷಗಳಿಂದ ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೇನೆ. ಮೊದಲು ಔರಾದದಲ್ಲಿ, ಈಗ ಭಾಲ್ಕಿಯಲ್ಲಿ. ಚಂದ್ರ ಮೇಲಿನಿಂದ ಕಡಲ ನೀರನ್ನು ಹೇಗೆ ಎಳೆಯುತ್ತಾನೆ ಎಂದು ನಾನು ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸಿದರೆ ಹಿಂದಿನ ಬೆಂಚಿನವರೂ ಆಕಳಿಸುವುದನ್ನು ನಿಲ್ಲಿಸುತ್ತಿದ್ದರು. ಹೀಗಿರುವಾಗ ಖುದ್ದಾಗಿ ಹೋಗಿ ಸಮುದ್ರಕ್ಕೆ ತೊಂದರೆ ಕೊಡುವ ಅಗತ್ಯ ನನಗೆ ಕಂಡಿರಲಿಲ್ಲ.

ಆ ಅಗತ್ಯ ಬಂದದ್ದು ಪಂಚಶೀಲಾಳಿಂದ.

ಬೀದರಿನ ಬಸ್ ನಿಲ್ದಾಣದಲ್ಲಿ ಒಂದು ದಿನ, ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಜನರನ್ನು ಸರಿಸಿಕೊಂಡು ಬಂದು ನನ್ನ ಕಾಲು ಮುಟ್ಟಿದಳು.

"ಸರ್, ನಾ ಪಂಚಶೀಲಾ ಅದೇನಿರಿ. ಔರಾದ ಸಾಲಿ, ಎಂಟನೇತ್ತೆ. ಗುರ್ತ ಹತ್ತಲಿಲ್ಲೇನ್ರಿ?"

ಹತ್ತಿತು. ಮುಂದಿನ ಬೆಂಚಿನಲ್ಲಿ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದ ಹುಡುಗಿ. ಅಂದಿನ ಬರದ ವರ್ಷ ಅವರ ಓಣಿಯ ಅರ್ಧ ಜನ ಗಂಟುಮೂಟೆ ಕಟ್ಟಿಕೊಂಡು ಕೆಲಸ ಹುಡುಕಿ ಹೋದಾಗ ಇವಳ ಮನೆಯವರೂ ಕಾರವಾರದ ಕಡೆ ಸೇತುವೆ ಕೆಲಸಕ್ಕೆ ಹೋಗಿದ್ದರು. ನಾನು ಎರಡು ತಿಂಗಳು ಹಾಜರಿಯಲ್ಲಿ ಅವಳ ಹೆಸರು ಕೂಗಿ, ಮೂರನೆಯ ತಿಂಗಳು ಅದರ ಮೇಲೆ ಕೆಂಪು ಗೆರೆ ಎಳೆದಿದ್ದೆ.

"ಈಗ ಏನ್ ಮಾಡ್ತೀಯವ್ವಾ?"

"ಸಮುದ್ರದಾಗ ಜನರಿಗಿ ಕಯಾಕಿನಾಗ ಕರ್ಕೊಂಡು ಹೋಗ್ತೇನಿರಿ. ಸಣ್ಣ ದೋಣಿ ಇರ್ತಾವಲ್ಲರಿ, ಇಬ್ಬರು ಕುಂತು ತಾವೇ ಹುಟ್ಟು ಹಾಕೋದು. ಅಮಾವಾಸ್ಯಿ ರಾತ್ರಿ ಹೋದ್ರ ನೀರು ಮುಟ್ಟಿದಲ್ಲಿ ಬೆಳಕು ಹತ್ತತದ ಸರ್! ಮುಂದಿನ ಅಮಾವಾಸ್ಯಿಗಿ ಬಾಯಾರಿಗಿ ಕರ್ಕೊಂಡು ಬರ್ರಿ. ನೀವು ಕಲಿಸಿದ್ದೆಲ್ಲ ಅಲ್ಲಿ ಅದ."

ನಾನು ಕಲಿಸಿದ್ದೆಲ್ಲ ಅಲ್ಲಿ ಇದೆಯಂತೆ! ಅಂದರೆ ಸಮುದ್ರವು ನನ್ನ ಪಾಠವನ್ನು ಸರಿಯಾಗಿ ಪಾಲಿಸುತ್ತಿದೆಯೋ ಇಲ್ಲವೋ ಎಂದು ಪರಿಶೀಲಿಸುವುದು ನನ್ನ ಕರ್ತವ್ಯ. ಅಲ್ಲಿಯೇ ಒಪ್ಪಿಕೊಂಡೆ.

ಮನೆಯಲ್ಲಿ ಆ ಬಾಯಾರು, ಅಂದರೆ ನನ್ನ ಹೆಂಡತಿ ಸುಮಿತ್ರಾ, ಕೇಳಿದ್ದು ಒಂದೇ ಪ್ರಶ್ನೆ. "ಅಮಾವಾಸ್ಯಿ ದಿನ ಯಾರಾರ ಮನಿ ಬಿಟ್ಟು ಹೊಂಡ್ತಾರೇನ್ರಿ?"

"ಅದು ಮೂಢನಂಬಿಕಿ," ಎಂದೆ. "ಅಮಾವಾಸ್ಯಿ ಅಂದ್ರ ಆಕಾಶದಾಗ ಚಂದ್ರ ಕಾಣಂಗಿಲ್ಲ, ಅಷ್ಟೇ. ಅದ್ರಿಂದ ಯಾರಿಗಿ ಏನಾಗ್ತದ?"

ಈ ಮಾತನ್ನು ನಾನು ಬಹಳ ಗಟ್ಟಿಯಾಗಿ ಹೇಳಿದೆ.

ತಯಾರಿಯಿಲ್ಲದೆ ಹೋಗುವವನು ನಾನಲ್ಲ. ಆದರೆ ಆ ವರ್ಷವೂ ಮಳೆ ಕೈಕೊಟ್ಟಿತ್ತು. ಬಾವಿಗೆ ಕೊಡ ಬಿಟ್ಟರೆ ಠಣ್ ಎನ್ನುತ್ತಿತ್ತು. ದೋಣಿಯ ಮಾತು ಹಾಗಿರಲಿ, ಕಾಗದದ ದೋಣಿ ಬಿಡುವಷ್ಟು ನೀರೂ ಭಾಲ್ಕಿಯಲ್ಲಿ ಇರಲಿಲ್ಲ. ಆದ್ದರಿಂದ ಮಾಳಿಗೆಯ ಮೇಲೆ ಹೊರಸು ಹಾಕಿ, ಅದರ ಮೇಲೆ ಕಾಲು ಚಾಚಿ ಕೂತು, ಬಟ್ಟೆ ಒಣಹಾಕುವ ಗಳವನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸತೊಡಗಿದೆ.

ಪಕ್ಕದ ಮಾಳಿಗೆಯಿಂದ ಮಹಮೂದ್ ಚಾಚಾ ಸ್ವಲ್ಪ ಹೊತ್ತು ನೋಡಿದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಎಂಥೆಂಥ ಪ್ರಯಾಣಿಕರನ್ನೋ ಕಂಡವರು.

"ಮಾಸ್ಟರ್ ಸಾಬ್, ತಬಿಯತ್ ಬರೋಬ್ಬರಿ ಅದಲ್ರಿ?"

"ದೋಣಿ ಹೊಡಿಲತ್ತೇನಿ ಚಾಚಾ."

"ಹೊಡಿರಿ, ಹೊಡಿರಿ. ದಂಡಿ ಬಂತಂದ್ರ ನಮಗೂ ಹೇಳ್ರಿ," ಎಂದು ಅವರು ಕೆಳಗಿಳಿದು ಹೋದರು.

ಮೂರನೆಯ ದಿನ ಗಳದ ತುದಿ ಸುಮಿತ್ರಾ ಒಣಹಾಕಿದ್ದ ಹಪ್ಪಳಗಳ ಮೇಲೆ ಹಾಯಿತು. ಒಂದೇ ಏಟಿಗೆ ಮೂವತ್ತು ಹಪ್ಪಳ! ನನ್ನ ತರಬೇತಿ ಅಂದಿಗೆ ಸಂಪೂರ್ಣವಾಯಿತು.

ಮೂರು ಬಸ್ಸು ಬದಲಿಸಿ ಅಮಾವಾಸ್ಯೆಯ ದಿನ ಕಾರವಾರದ ಹತ್ತಿರ ಪಂಚಶೀಲಾ ಇದ್ದ ಊರು ತಲುಪಿದೆವು. ಸಮುದ್ರ ನೋಡಿದ ಕೂಡಲೇ ಸುಮಿತ್ರಾ ಕೈಚೀಲ ಕೆಳಗಿಟ್ಟು ನಿಂತಳು. ಆಮೇಲೆ ಮೆಲ್ಲಗೆ ಅಂದಳು: "ಇಷ್ಟು ನೀರು ಇಲ್ಲಿ ಸುಮ್ಮನ ಬಿದ್ದದಲ್ರಿ!"

ಹೊಳೆ ಬಂದು ಕಡಲು ಸೇರುವ ಜಾಗದಿಂದ ಕಯಾಕುಗಳು ಹೊರಡಬೇಕಿತ್ತು. ಉಬ್ಬರ ತುಂಬಿದ ಮೇಲೆ, ರಾತ್ರಿ ಹನ್ನೆರಡಕ್ಕೆ. ನಮ್ಮ ಜೊತೆಗೆ ಪುಣೆಯಿಂದ ಬಂದ ನಾಲ್ವರು ಇದ್ದರು. ಅವರೆಲ್ಲ ಚಡ್ಡಿ ಹಾಕಿದ್ದರು. ನಾನು ಇಸ್ತ್ರಿ ಮಾಡಿದ ಪ್ಯಾಂಟು, ತುಂಬುತೋಳಿನ ಅಂಗಿ, ಕಾಲಿಗೆ ಬೂಟು, ಕಿವಿಗೆ ಮಫ್ಲರ್ ಹಾಕಿದ್ದೆ.

"ಸರ್, ಬೂಟು ಬಿಚ್ಚಿ ಇಡ್ರಿ. ಚಡ್ಡಿ ಇದ್ರ ಹಾಕೋರಿ," ಎಂದಳು ಪಂಚಶೀಲಾ.

ಶಿಷ್ಯೆಯ ಎದುರಿಗೆ ಗುರುವು ಚಡ್ಡಿಯಲ್ಲಿ ನಿಲ್ಲುವುದೇ? ಶಿಕ್ಷಣ ಇಲಾಖೆಯ ಮರ್ಯಾದೆ ಏನಾಗಬೇಕು! "ನನಗ ರೂಢಿ ಅದ," ಎಂದೆ. ಯಾವುದು ರೂಢಿ ಎಂದು ಅವಳು ಕೇಳಲಿಲ್ಲ. ಸುಮಿತ್ರಾ ಮಾತ್ರ ಸದ್ದಿಲ್ಲದೆ ಚಪ್ಪಲಿ ಬಿಟ್ಟು, ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಬಂದಳು.

ಪಂಚಶೀಲಾ ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟು, ಹಣೆಗೆ ಒಂದೊಂದು ಬ್ಯಾಟರಿ ಕಟ್ಟಿ ಹಚ್ಚಿ, ನಿಯಮಗಳನ್ನು ಹೇಳತೊಡಗಿದಳು. ಹಿಂದೆ ಕೂತವರು ದಿಕ್ಕು ತಿರುಗಿಸಬೇಕು. ತೊಂದರೆಯಾದರೆ ಜಾಕೆಟ್ಟಿಗೆ ಕಟ್ಟಿದ ಸೀಟಿಯನ್ನು ಮೂರು ಸಲ ಊದಬೇಕು. ದಂಡೆಯ ಕೆಸರಿನಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ಕಾಲುವೆಗಳಿಗೆ ಯಾರೂ ಹೋಗಕೂಡದು. "ಇವತ್ತು ಅಮಾವಾಸ್ಯಿ. ನೀರು ಬಾಳ ಜಲ್ದಿ ಇಳೀತದ," ಎಂದಳು.

ನಾನು ಪುಣೆಯವರ ಕಡೆಗೆ ತಿರುಗಿ ಮುಗುಳ್ನಕ್ಕೆ. ಅವರ ಕಿವಿಗೆ ಬೀಳುವಂತೆ ಹಿಂದಿಯಲ್ಲಿ ಹೇಳಿದೆ, ಚಂದ್ರನೇ ಇಲ್ಲದ ಮೇಲೆ ನೀರನ್ನು ಎಳೆಯುವವರು ಯಾರು ಎಂದು. ಅವರು ತಲೆಯಾಡಿಸಿದರು. ಪಂಚಶೀಲಾ ನನ್ನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಗುರುಭಕ್ತಿಯಿಂದ ಮುಚ್ಚಿದಳು.

ಹಿಂದೆ ಕೂತವರೇ ನಾಯಕರು ಎಂದು ತಿಳಿದ ಮೇಲೆ ಮುಂದೆ ಕೂರಲು ನಾನೇನು ದಡ್ಡನೇ? ಸುಮಿತ್ರಾಳನ್ನು ಮುಂದೆ ಕೂರಿಸಿ ಹಿಂದಿನ ಜಾಗಕ್ಕೆ ಗಂಭೀರವಾಗಿ ಒಂದು ಕಾಲಿಟ್ಟೆ. ಕಯಾಕ್ ಆ ಕಡೆ ಹೋಯಿತು. ಇನ್ನೊಂದು ಕಾಲು ದಂಡೆಯಲ್ಲೇ ಉಳಿಯಿತು. ನಡುವೆ ಇದ್ದ ನಾನು ನೀರಿಗೆ ಬಿದ್ದೆ.

"ಮುಳಗ್ದೆ! ಮುಳಗ್ದೆ!" ಎಂದು ಕೂಗಿದೆ.

"ಎದ್ದು ನಿಂದ್ರಿ ಸರ್," ಎಂದಳು ಪಂಚಶೀಲಾ.

ನಿಂತೆ. ನೀರು ಮೊಣಕಾಲಿನವರೆಗೆ ಇತ್ತು.

ಅಂತೂ ಹೊರಟೆವು. ನಾನು ಎಡಕ್ಕೆ ಹಾಕಿದರೆ ಸುಮಿತ್ರಾ ಬಲಕ್ಕೆ ಹಾಕುತ್ತಿದ್ದಳು. ಹುಟ್ಟಿಗೆ ಹುಟ್ಟು ಬಡಿದು ಕಟಕಟ ಸದ್ದಾಗುತ್ತಿತ್ತು. ಪುಣೆಯವರು ನೆಟ್ಟಗೆ ಮುಂದೆ ಹೋದರು. ನಾವು ಇದ್ದಲ್ಲಿಯೇ ಗುಂಡಗೆ ತಿರುಗಿದೆವು.

"ಇದೇನ್ರಿ, ಬೀಸೋ ಕಲ್ಲು ಆಗ್ಯಾದ!" ಎಂದಳು ಸುಮಿತ್ರಾ. "ನೀವು ಸ್ವಲ್ಪ ಸುಮ್ಮನ ಕುಂದ್ರಿ. ನಾ ಒಬ್ಬಾಕಿನೇ ನೋಡ್ತೇನಿ."

ನಾನು ಸುಮ್ಮನೆ ಕೂತ ಕೂಡಲೇ ಕಯಾಕ್ ನೆಟ್ಟಗೆ ಹೋಯಿತು. ಇದು ಗಾಳಿಯ ಪ್ರಭಾವ ಎಂದು ನಾನು ಅವಳಿಗೆ ವಿವರಿಸಿದೆ.

ಹೀಗೇ ಒಂದೆರಡು ತಾಸು ಕಳೆದ ಮೇಲೆ ಪುಣೆಯವರ ಒಂದು ಕಯಾಕ್ ಬಂಡೆಗೆ ತಾಗಿತು. ಪಂಚಶೀಲಾ ಅವರ ಕಡೆಗೆ ಹೋದಳು. ಪಕ್ಕದಲ್ಲೇ ಕಾಂಡ್ಲಾ ಗಿಡಗಳ ನಡುವೆ ಒಂದು ಸಣ್ಣ ಕಾಲುವೆ ಕಾಣಿಸಿತು. ಒಳಗೆ ಕತ್ತಲೆ ಇನ್ನೂ ದಟ್ಟವಾಗಿತ್ತು. ನೀರಿನ ಬೆಳಕು ಅಲ್ಲಿ ಚೆನ್ನಾಗಿ ಕಾಣುವುದೆಂದು ನನ್ನ ವೈಜ್ಞಾನಿಕ ಬುದ್ಧಿಗೆ ಹೊಳೆಯಿತು.

"ಆಕಿ ಬ್ಯಾಡ ಅಂದಾಳ್ರಿ," ಎಂದಳು ಸುಮಿತ್ರಾ.

"ಆಕಿಗಿ ಕಲಿಸ್ದಂವ ನಾನು," ಎಂದೆ.

ಒಳಗೆ ಹೋಗಿ ಐದು ನಿಮಿಷವೂ ಆಗಿರಲಿಲ್ಲ. ಕಯಾಕಿನ ತಳ ಏನನ್ನೋ ಉಜ್ಜಿದ ಸದ್ದಾಯಿತು. ಹಣೆಯ ಬ್ಯಾಟರಿಯನ್ನು ಕೆಳಗೆ ಬಗ್ಗಿಸಿ ನೋಡಿದೆ. ಎಡಕ್ಕೆ ಕೆಸರು, ಬಲಕ್ಕೆ ಕೆಸರು. ನಡುವೆ ಇದ್ದ ನೀರು ನಮ್ಮ ಕಣ್ಣ ಮುಂದೆಯೇ ಹರಿದು ಹೋಗುತ್ತಿತ್ತು. ಯಾರೋ ದೊಡ್ಡ ಬಾನಿಯ ಬೂಚು ತೆಗೆದಂತೆ! ನೋಡನೋಡುತ್ತಿದ್ದಂತೆ ನಾವಿಬ್ಬರೂ ಕೆಸರಿನ ಮೇಲೆ ದೋಣಿ ಹಾಕಿಕೊಂಡು ಕೂತಿದ್ದೆವು.

"ಈಗ?" ಎಂದಳು ಸುಮಿತ್ರಾ.

"ಸೀಟಿ ಊದು."

"ನೀವೇ ಊದ್ರಿ."

ಗುರುವು ಸೀಟಿ ಊದಿ ಶಿಷ್ಯೆಯನ್ನು ಕರೆಯಬೇಕೇ! ಅದಕ್ಕಿಂತ ನಾನೇ ಇಳಿದು ದೋಣಿಯನ್ನು ನೂಕುವೆನೆಂದು ಕೆಳಗೆ ಕಾಲಿಟ್ಟೆ. ಕೆಸರು ಮೊಣಕಾಲಿಗೆ ಬಂತು. ಇನ್ನೊಂದು ಕಾಲಿಟ್ಟೆ. ತೊಡೆಗೆ ಬಂತು. ಒಂದು ಕಾಲನ್ನು ಎಳೆದರೆ ಇನ್ನೊಂದು ಕಾಲು ಒಳಗೆ ಹೋಗುತ್ತಿತ್ತು. ಬಲಗಾಲು ಒಮ್ಮೆ ಮೇಲೆ ಬಂತು, ಬೂಟು ಬರಲಿಲ್ಲ. ಕೆಸರು ಸೊಂಟ ಮುಟ್ಟಿದಾಗ ನನಗೆ ನಿಜವಾಗಿಯೂ ಭಯವಾಯಿತು. ಮಫ್ಲರಿನೊಳಗೆ ಬೆವರು ಇಳಿಯಿತು. ಸುಮಿತ್ರಾ ಬಾಗಿ ನನ್ನ ಜಾಕೆಟ್ಟಿನ ಪಟ್ಟಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ತನ್ನ ಸೀಟಿಯನ್ನು ಬಾಯಿಗಿಟ್ಟು ಊದಿದಳು. ಮೂರು ಸಲವಲ್ಲ, ಮೂವತ್ತು ಸಲ!

ಕಾಲುವೆಯ ಬಾಯಲ್ಲಿ ಬೆಳಕು ಕಂಡಿತು. ಪಂಚಶೀಲಾ ಹಗ್ಗ ಹಿಡಿದು, ಕೆಸರಿನ ಮೇಲೆ ಮಂಡಿಯೂರಿ ಸರಸರ ಬಂದಳು. ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸರ್, ಕಾಲು ಎತ್ತಬ್ಯಾಡ್ರಿ. ಈ ಹಗ್ಗ ಹಿಡೀರಿ. ಮುಂದ ಬಾಗಿ ಹೊಟ್ಟಿ ಮ್ಯಾಲ ಮಲಕೋರಿ."

"ಹೊಟ್ಟಿ ಮ್ಯಾಲ?"

"ಹೌದ್ರಿ. ಇಲ್ಲಂದ್ರ ಬೆಳಿಗ್ಗಿ ಉಬ್ಬರ ಬರೋ ತನಕ ಇಲ್ಲೇ ನಿಂದ್ರಬೇಕಾಗ್ತದ."

ಮಲಗಿದೆ. ಅವಳು ಎಳೆದಳು, ನಾನು ತೆವಳಿದೆ. ಇಸ್ತ್ರಿ ಮಾಡಿದ ಪ್ಯಾಂಟಿನೊಳಗೆ ಒಂದು ಏಡಿ ತನ್ನ ಸಂಸಾರ ಹೂಡಲು ಜಾಗ ನೋಡುತ್ತಿತ್ತು. ನನ್ನ ಗಮನವನ್ನು ಬೇರೆಡೆಗೆ ತಿರುಗಿಸಲೆಂದೋ ಏನೋ, ಪಂಚಶೀಲಾ ಹಗ್ಗ ಎಳೆಯುತ್ತಲೇ ಕೇಳಿದಳು:

"ಸರ್, ಅಮಾವಾಸ್ಯಿ ದಿನ ಚಂದ್ರ ಎಲ್ಲಿರ್ತಾನ್ರಿ?"

"ಸೂರ್ಯನ ಕಡೀಗಿ," ಎಂದೆ, ಕೆಸರು ಉಗುಳಿ.

"ಅಂದ್ರ ಇಬ್ಬರೂ ಕೂಡಿ ಎಳೀತಾರಲ್ರಿ. ಉಬ್ಬರ ಹ್ಯಾಂಗಿರ್ತದ?"

"ಹೆಚ್ಚು."

"ಇಳಿತ?"

"ಅದೂ ಹೆಚ್ಚು."

"ಬರೋಬ್ಬರಿ ಸರ್."

ಇಪ್ಪತ್ತೆರಡು ವರ್ಷಗಳಿಂದ ನಾನೇ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಉತ್ತರ! ಅದನ್ನು ಮೊದಲ ಸಲ ಹೊಟ್ಟೆಯ ಮೇಲೆ ಮಲಗಿ ಒಪ್ಪಿಸಿದೆ. ಕಯಾಕಿನಲ್ಲಿ ಕೂತಿದ್ದ ಸುಮಿತ್ರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಯದಿಂದ ಅಲ್ಲ.

ನನ್ನನ್ನು ಹೊಳೆಯ ಅಂಚಿಗೆ ತಂದು ತೊಳೆದ ಮೇಲೆ ಪಂಚಶೀಲಾ ಅದೇ ಹಗ್ಗದಲ್ಲಿ ಸುಮಿತ್ರಾಳನ್ನೂ ಕಯಾಕನ್ನೂ ಎಳೆದು ತಂದಳು. ಕೆಸರಿನ ಮೇಲೆ ನಾನಿಲ್ಲದ ಕಯಾಕ್ ಎಷ್ಟು ಹಗುರವಾಗಿ ಜಾರಿತೆಂದರೆ ಭಾರ ಎಲ್ಲಿತ್ತೆಂಬುದು ಎಲ್ಲರಿಗೂ ತಿಳಿಯಿತು. ಈ ಸಲ ಯಾರೂ ಹೇಳದೆಯೇ ನಾನು ಮುಂದೆ ಕೂತೆ. ಸುಮಿತ್ರಾ ಹಿಂದೆ ಕೂತಳು.

"ಬ್ಯಾಟರಿ ಆರಸ್ರಿ ಸರ್. ಈಗ ನೀರಾಗ ಕೈ ಹಾಕ್ರಿ," ಎಂದಳು ಪಂಚಶೀಲಾ.

ಹಾಕಿದೆ. ನನ್ನ ಐದೂ ಬೆರಳುಗಳ ಸುತ್ತ ನೀಲಿ ಬೆಳಕು ಹತ್ತಿತು! ಬೆರಳು ಆಡಿಸಿದರೆ ಕಿಡಿಗಳು ಹಿಂದೆ ಹಿಂದೆ ಹರಿದವು. ಸುಮಿತ್ರಾಳ ಹುಟ್ಟು ನೀರಿಗೆ ಬಿದ್ದಲ್ಲೆಲ್ಲ ಬೆಳಕಿನ ಸುಳಿ ಎದ್ದು ಆರುತ್ತಿತ್ತು. ಒಂದು ಮೀನು ನಮ್ಮ ಕೆಳಗೆ ಗೆರೆ ಎಳೆದಂತೆ ಹೋಯಿತು. ಇದು ಎಂಥ ಜೀವಿ, ಬೆಳಕು ಯಾಕೆ ಬರುತ್ತದೆ ಎಂದು ವಿವರಿಸಲು ನನಗೆ ಗೊತ್ತಿತ್ತು. ಅದನ್ನು ಬಿಟ್ಟು ಇನ್ನೊಂದು ಕೈಯನ್ನೂ ನೀರಿಗೆ ಹಾಕಿದೆ. ಹಿಂದೆ ಸುಮಿತ್ರಾ ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಕೇಳಿದ್ದ ನಗು ಅದು.

ಪಕ್ಕದಲ್ಲಿ ತನ್ನ ಕಯಾಕನ್ನು ತೇಲಲು ಬಿಟ್ಟು ಪಂಚಶೀಲಾ ಹೇಳಿದಳು: "ಇಲ್ಲಿಗಿ ಬಂದ ಮೊದಲ್ನೇ ವಾರ ಸಮುದ್ರ ಹಿಂದ ಸರಿಯೋದು ನೋಡಿ ನಮ್ಮವ್ವ ಅಂಜಿದ್ಳು ಸರ್. ಇಲ್ಲಿನೂ ನೀರು ಬತ್ತಲತ್ತದ, ಇನ್ನ ಎಲ್ಲಿಗಿ ಹೋಗೋದು ಅಂತ. ನಾ ಮರಳಿನಾಗ ನೀವು ಹಲಗಿ ಮ್ಯಾಲ ಬರೀತಿದ್ದ ಚಂದ್ರನ ಚಿತ್ರ ಬರದು ತೋರಿಸ್ದೆ. ಆರು ತಾಸಿಗಿ ತಿರುಗಿ ಬರ್ತದ ಅಂದೆ. ಇಬ್ಬರೂ ಕಾಯ್ಕೋತ ಕುಂತಿವಿ. ಬಂತು."

 ಹಾಜರಿ ಪುಸ್ತಕದ ಆ ಕೆಂಪು ಗೆರೆ ನೆನಪಾಯಿತು. ಕೊನೆಗೆ, "ಚಿತ್ರ ಬರೋಬ್ಬರಿ ಬರದಿದ್ದೇನು?" ಎಂದು ಮಾತ್ರ ಕೇಳಿದೆ.

"ನಿಮಗಿಂತ ಚಲೋ," ಎಂದು ನಕ್ಕಳು.

ದಂಡೆಗೆ ಬಂದಾಗ ಪುಣೆಯವರು ಫೋಟೊ ತೆಗೆಯಬೇಕೆಂದರು. ನಾನು ಒಂದೇ ಬೂಟಿನಲ್ಲಿ ಎದೆಯುಬ್ಬಿಸಿ ನಿಂತೆ. "ಅಂಕಲ್, ಥೋಡಾ ಬಾಜೂ," ಎಂದರು. ಅವರಿಗೆ ಬೇಕಾಗಿದ್ದವರು ಹುಟ್ಟು ಹಿಡಿದ ಸುಮಿತ್ರಾ ಮತ್ತು ಪಂಚಶೀಲಾ!

ಭಾಲ್ಕಿಗೆ ಬಂದ ಮರುವಾರ ಎಂಟನೆಯ ತರಗತಿಯಲ್ಲಿ ಉಬ್ಬರ ಇಳಿತದ ಪಾಠ ಬಂತು. ಅಮಾವಾಸ್ಯೆಯ ಮಹತ್ವ ಮಕ್ಕಳ ಮನಸ್ಸಿಗೆ ನಾಟಲೆಂದು, ಬಹಳ ಹಿಂದೆ ಯಾರೋ ಒಬ್ಬ ಮೂರ್ಖ ಪ್ರವಾಸಿ ಕೆಸರಿನಲ್ಲಿ ಸಿಕ್ಕಿಬಿದ್ದ ಕಥೆ ಹೇಳಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಅವ್ರು ನೀವೇ ಅಂತಲ್ರಿ? ನಿನ್ನಿ ನೀರಿನ ಟ್ಯಾಂಕರ್ ಹತ್ತರ ಬಾಯಾರು ನಮ್ಮವ್ವಗ ಹೇಳ್ಲತ್ತಿದ್ರು. ಹೊಟ್ಟಿ ಮ್ಯಾಲ ಹ್ಯಾಂಗ ಹೋದ್ರಿ ಅಂತ ಕೈ ಮಾಡಿನೂ ತೋರ್ಸಿದ್ರು."

ತರಗತಿಗೆ ತರಗತಿಯೇ ನಕ್ಕಿತು. ನಾನು ಗಂಭೀರವಾಗಿ ಹಲಗೆ ಒರೆಸಿ, ನೀರಿನ ಗೋಜೇ ಬೇಡವೆಂದು ಮರುಭೂಮಿಯ ಪಾಠ ತೆಗೆದೆ. ಎರಡನೆಯ ಬೆಂಚಿನವನೊಬ್ಬ ಕೂಡಲೇ ಕೈ ಎತ್ತಿದ.

"ಸರ್, ನಮ್ಮ ಕಾಕಾ ದುಬೈದಾಗ ಇದ್ದಾನ್ರಿ. ನಮ್ಮ ಸರ್ ಬರ್ತಾರ, ಹಗ್ಗ ತಯಾರ್ ಇಡು ಅಂತ ಹೇಳ್ಲೇನ್ರಿ?"